ಮೊದಲ ಲೆನ್ಸಿಗೆ ಟಾರ್ಚ್ ಹಿಡಿಯುವ ಅನುಮಾನದಕ್ಕ

“ಇವಳ ಕೈಗೆ ಸೂರ್ಯನನ್ನೇ ತಂದುಕೊಟ್ರೂ ಅಷ್ಟೆ. ಟಾರ್ಚ್ ಬಿಟ್ಟು ನೋಡಿ, ಇದಕ್ಕೆ ಬೂಷ್ಟು ಹಿಡಿದಿದೆ, ವಾಪಸ್ ತಗೊಂಡು ಹೋಗು ಅಂತಾಳೆ.”

ಹೀಗೆನ್ನುತ್ತ ಚೀಲದಣ್ಣ ಹೆಗಲ ಮೇಲಿನ ಭಾರವನ್ನು ಮೇಜಿಗೆ ಇಳಿಸುತ್ತಾನೆ. ಮುಚ್ಚಿಹೋದ ಸ್ಟುಡಿಯೊಗಳಿಂದ, ಮನೆ ಖಾಲಿ ಮಾಡುವವರಿಂದ ಹಳೆಯ ಕ್ಯಾಮೆರಾ ಲೆನ್ಸುಗಳನ್ನು ಕೊಂಡು ತಂದು ಅಂಗಡಿಗಳಿಗೆ ಮಾರುವುದು ಅವನ ಕಸುಬು. ಹೊರಗೆ ಬೀದಿದೀಪಗಳು ಇನ್ನೂ ಆರಿಲ್ಲ. ಕ್ಯಾಮೆರಾ ಅಂಗಡಿಯ ಶಟರ್ ಮೊಣಕಾಲೆತ್ತರಕ್ಕೆ ಮಾತ್ರ ಮೇಲೆದ್ದಿದೆ, ಬಗ್ಗಿ ನುಸುಳಿಯೇ ಒಳಗೆ ಬರಬೇಕು. ನಾವು ನಿಂತಿರುವುದು ಅಂಗಡಿಯ ಹಿಂದಿನ ಕೋಣೆಯಲ್ಲಿ. ಒಂದು ಮೇಜು, ಎರಡು ಸ್ಟೂಲು, ಎತ್ತರದಲ್ಲೊಂದು ಪುಟ್ಟ ಕಿಟಕಿ, ಗೋಡೆಯುದ್ದಕ್ಕೂ ಮೊಳೆಗಳ ಸಾಲು. ಮೊಳೆಗಳಿಗೆ ಬ್ಯಾಟರಿ ಚಾರ್ಜರ್‌ಗಳು ನೇತುಬಿದ್ದಿವೆ. ಕೊನೆಯ ಮೊಳೆ ಟಾರ್ಚಿನದು.

ದೂರು ಹೇಳಿಸಿಕೊಂಡ ಹೆಂಗಸು ಸ್ಟೂಲಿನ ಮೇಲಿಂದ ತಲೆ ಎತ್ತುವುದಿಲ್ಲ. ಚೀಲದಿಂದ ಒಂದು ಲೆನ್ಸ್ ಎತ್ತಿಕೊಳ್ಳುತ್ತಾಳೆ. ಮೊದಲು ಮೂಸುತ್ತಾಳೆ. ಆಮೇಲೆ ಕಿವಿಯ ಹತ್ತಿರ ಹಿಡಿದು ಉಂಗುರ ತಿರುಗಿಸುತ್ತಾಳೆ. ಒಳಗೆ ಮರಳು ಕೂತಿದ್ದರೆ ಕರಕರ ಎನ್ನುತ್ತದಂತೆ. ಬೀದಿ ಎದ್ದುಬಿಟ್ಟರೆ ಈ ಸದ್ದು ಕೇಳುವುದಿಲ್ಲ, ಅದಕ್ಕೇ ಇಷ್ಟು ಬೆಳಿಗ್ಗೆ ಕೆಲಸ. ನಂತರ ಸ್ಕ್ರೂಗಳ ತಲೆ ನೋಡುತ್ತಾಳೆ: ಗೀರು ಬಿದ್ದಿದ್ದರೆ ಯಾರೋ ಬಿಚ್ಚಿದ್ದಾರೆ, ಬಿಚ್ಚಿದವರು ಏನನ್ನೋ ಮುಚ್ಚಿಟ್ಟಿದ್ದಾರೆ. ಕೊನೆಗೆ ಎಡಗೈಯಲ್ಲಿ ಟಾರ್ಚ್, ಬಲಗೈಯಲ್ಲಿ ಲೆನ್ಸ್. ಎಡಗಣ್ಣು ಮುಚ್ಚಿ, ಲೆನ್ಸನ್ನು ಬಲಗಣ್ಣಿಗೆ ಹಿಡಿದು, ಬೆಳಕನ್ನು ಹಿಂದಿನಿಂದ ಓರೆಯಾಗಿ ಬಿಡುತ್ತಾಳೆ. ಗಾಜಿನ ಮೇಲೆ ಬೂಷ್ಟಿನ ಎಳೆ ಹಬ್ಬಿದ್ದರೆ ಬೇರಿನ ಹಾಗೆ ಕಾಣುತ್ತದೆ. ಒಳಗೆ ಮಂಜು ಕಟ್ಟಿದ್ದರೆ ಕನ್ನಡಿಯ ಮೇಲೆ ಉಸಿರುಬಿಟ್ಟ ಹಾಗೆ.

“ಮಂಜು,” ಎನ್ನುತ್ತಾಳೆ. ಲೆನ್ಸ್ ತಿರಸ್ಕಾರದ ಟ್ರೇಗೆ ಹೋಗುತ್ತದೆ. ಇನ್ನೊಂದು ಎತ್ತುತ್ತಾಳೆ. ಅದಕ್ಕೂ ಮಂಜು. ಮೂರನೆಯದಕ್ಕೂ.

ಈ ಬೀದಿಯಲ್ಲಿ ಎಲ್ಲರೂ ಅವಳನ್ನು ಅನುಮಾನದಕ್ಕ ಎನ್ನುತ್ತಾರೆ. ಎದುರಿಗೇ ಎನ್ನುತ್ತಾರೆ, ಅವಳಿಗೂ ಬೇಸರವಿಲ್ಲ. ಅಂಗಡಿ ಅವಳ ತಮ್ಮನದು. ಮೊದಲ ಸಲ ಕ್ಯಾಮೆರಾ ಹಿಡಿಯುವವರಿಗೆ ಹೊಸ ಲೆನ್ಸ್ ಕೈಗೆ ಎಟುಕುವುದಿಲ್ಲ, ಹಳೆಯದನ್ನು ನಂಬಲು ಧೈರ್ಯ ಬರುವುದಿಲ್ಲ. ಅಂಥವರು ಈ ಅಂಗಡಿಗೆ ಬಂದು ಕೇಳುವುದು ಒಂದೇ ಪ್ರಶ್ನೆ: ಅಕ್ಕ ನೋಡಿದ್ದಾರಾ? ಅಕ್ಕ ನೋಡಿ ‘ಸರಿ ಇದೆ’ ಎಂದದ್ದನ್ನು ಕಣ್ಣುಮುಚ್ಚಿ ಒಯ್ಯುತ್ತಾರೆ. ಆ ಎರಡು ಪದ ಅವಳ ಬಾಯಿಂದ ಸುಲಭಕ್ಕೆ ಬೀಳುವುದಿಲ್ಲ.

ಕಷ್ಟ ಶುರುವಾಗಿರುವುದು ಅಲ್ಲೇ. ಕೆಲವು ತಿಂಗಳಿಂದ ಆ ಪದಗಳು ಬರುವುದೇ ನಿಂತಿದೆ. ತಂದದ್ದಕ್ಕೆಲ್ಲ ಮಂಜು. ಚೀಲದಣ್ಣ ಲೆನ್ಸುಗಳನ್ನು ತೇವದ ನೆಲಮಾಳಿಗೆಯಲ್ಲಿ ಬಚ್ಚಿಡುತ್ತಾನೆ ಎಂಬುದು ಅಕ್ಕನ ಗುಮಾನಿ. ಅಕ್ಕನಿಗೆ ವಯಸ್ಸಾಗುತ್ತ ಅನುಮಾನ ತಲೆಗೇರಿದೆ ಎಂಬುದು ಚೀಲದಣ್ಣನ ಗುಮಾನಿ. ಇಬ್ಬರೂ ಸೇರಿ ತನ್ನ ತಲೆ ತಿನ್ನುತ್ತಿದ್ದಾರೆ ಎಂಬುದು ತಮ್ಮನದು. ಅವನು ಬಾಗಿಲಿಗೆ ಒರಗಿ ನಿಂತು ಈ ಬೆಳಿಗ್ಗೆ ತನ್ನ ತೀರ್ಮಾನ ಹೇಳಿಯೇಬಿಡುತ್ತಾನೆ. ಮುಂದಿನ ವಾರ ಚೀಲದಣ್ಣ ಬರುವ ಹೊತ್ತಿಗೂ ಟ್ರೇ ಹೀಗೇ ತುಂಬಿದ್ದರೆ ಹಳೆಯ ಲೆನ್ಸಿನ ವ್ಯಾಪಾರವೇ ಬೇಡ; ಈ ಕೋಣೆಗೆ ಮೊಬೈಲ್ ಕವರುಗಳನ್ನು ತುಂಬುತ್ತಾನೆ.

“ಕವರಿಗೆ ಟಾರ್ಚ್ ಹಿಡಿಯೋರು ಬೇಕಿಲ್ಲ ನೋಡು,” ಎನ್ನುತ್ತಾನೆ, ಅವಳ ಮುಖ ನೋಡದೆ.

ಅಕ್ಕ ಟಾರ್ಚ್ ಆರಿಸುತ್ತಾಳೆ. ಆಮೇಲೆ ನನ್ನ ಕಡೆ ತಿರುಗುತ್ತಾಳೆ. ಪತ್ರಿಕೆಯವರು ಎಂದು ಬಂದಿದ್ದೀರಲ್ಲ, ಕವರು ಮಾರುವವರೇ ನಿಮ್ಮನ್ನು ಕಳಿಸಿದ್ದೋ ಹೇಗೆ ಎಂದು ವಿಚಾರಿಸುತ್ತಾಳೆ. ತಮಾಷೆಗಲ್ಲ. ಉತ್ತರ ಬರುವವರೆಗೆ ಕಾಯುತ್ತಾಳೆ. ನನ್ನ ಗುರುತಿನ ಚೀಟಿಯನ್ನು ಎರಡೂ ಕಡೆ ತಿರುಗಿಸಿ ನೋಡಿದ ಮೇಲೆಯೇ ಕೂರಲು ಸ್ಟೂಲು ಸಿಗುವುದು.

ಅಕ್ಕನಿಗೆ ಅನುಮಾನ ಬಂದದ್ದು ಮೊಟ್ಟೆಯಿಂದ. ಈ ಕೋಣೆಗೆ ಬರುವ ಮೊದಲು ಅವಳು ಮೊಟ್ಟೆಯ ಗೋದಾಮಿನಲ್ಲಿದ್ದಳು. ಕತ್ತಲ ಕೋಣೆ, ಮುಂದೆ ತೂತಿನ ಡಬ್ಬಿಯೊಳಗೊಂದು ದೀಪ. ಒಂದೊಂದೇ ಮೊಟ್ಟೆಯನ್ನು ಆ ತೂತಿಗೆ ಹಿಡಿದು, ಒಳಗೆ ಬಿರುಕಿದೆಯೋ, ರಕ್ತದ ಚುಕ್ಕೆಯಿದೆಯೋ ನೋಡಿ ಈ ಕಡೆ ಆ ಕಡೆ ಮಾಡಬೇಕು. ಇಡೀ ದಿನ ಹೊರಗಿನಿಂದ ಒಂದೇ ಥರ ಕಾಣುವ ವಸ್ತುಗಳ ನಡುವೆ ಕೂತವರಿಗೆ ಹೊರಗನ್ನು ನಂಬುವುದು ಬಿಟ್ಟೇಹೋಗುತ್ತದೆ. ಕತ್ತು ಒಂದೇ ಕಡೆ ಬಾಗಿ ಬಾಗಿ ಹಿಡಿದುಕೊಂಡದ್ದು ಇವತ್ತಿಗೂ ಸರಿಯಾಗಿಲ್ಲ. ಆಮೇಲೆ ಗೋದಾಮಿಗೆ ಯಂತ್ರ ಬಂತು, ಇವಳು ಮನೆಗೆ ಬಂದಳು.

ಒಂದು ಮಧ್ಯಾಹ್ನ ತಮ್ಮನಿಗೆ ಬುತ್ತಿ ಕೊಡಲು ಅಂಗಡಿಗೆ ಬಂದವಳು, ಅವನು ಆಗಷ್ಟೇ ಕೊಂಡಿದ್ದ ಲೆನ್ಸನ್ನು ಸುಮ್ಮನೆ ಎತ್ತಿಕೊಂಡು ಬಲ್ಬಿಗೆ ಹಿಡಿದಳಂತೆ. ಹಳೆಯ ಅಭ್ಯಾಸ. “ಒಳಗೆ ಏನೋ ಬೆಳೀತಿದೆಯಲ್ಲೋ” ಎಂದಳಂತೆ. ಕೊಟ್ಟವನು ಅಷ್ಟರಲ್ಲಿ ಬೀದಿ ದಾಟಿ ಮಾಯವಾಗಿದ್ದ. ಮರುದಿನದಿಂದ ಈ ಸ್ಟೂಲು ಅವಳದಾಯಿತು.

“ಮೊಟ್ಟೆ ಸುಳ್ಳು ಹೇಳಲ್ಲ, ಲೆನ್ಸೂ ಸುಳ್ಳು ಹೇಳಲ್ಲ,” ಎನ್ನುತ್ತಾಳೆ ಅಕ್ಕ. “ಹೇಳೋರೆಲ್ಲ ಅದನ್ನ ತರೋರು.”

ಮನೆಯಲ್ಲಿ ಗಂಡನಿದ್ದಾನೆ. ಲಾರಿ ಓಡಿಸುತ್ತ ವರ್ಷಗಟ್ಟಲೆ ರಸ್ತೆಯ ಮೇಲೆಯೇ ಇದ್ದವನು ಈಗ ಅಡುಗೆಮನೆ ಹಿಡಿದಿದ್ದಾನೆ. ಅವನು ತಂದ ಬದನೆಕಾಯಿಯನ್ನೂ ಅಕ್ಕ ಕಿಟಕಿಯ ಬೆಳಕಿಗೆ ಹಿಡಿಯುತ್ತಾಳೆ. ನನ್ನನ್ನು ಮದುವೆಗೆ ಮುಂಚೆ ಹೀಗೆ ನೋಡಿದ್ದರೆ ಇಬ್ಬರೂ ಬಚಾವಾಗುತ್ತಿದ್ದೆವು ಎಂದು ಅವನು ಬಂದವರಿಗೆಲ್ಲ ಹೇಳುವುದುಂಟಂತೆ. ಇದನ್ನು ನನಗೆ ತಿಳಿಸುವಾಗ ಮಾತ್ರ ಅಕ್ಕನ ತುಟಿಯಂಚು ಸ್ವಲ್ಪ ಸಡಿಲವಾಗುತ್ತದೆ.

ಗುಣಮಟ್ಟ ನೋಡುವುದು ಅರ್ಧ ಕೆಲಸ. ಉಳಿದರ್ಧ, ಕೊಳ್ಳಲು ಬಂದವರನ್ನು ನೋಡುವುದು. ಅದೇ ಬೆಳಿಗ್ಗೆ, ಚೀಲದಣ್ಣ ಗೊಣಗುತ್ತ ಹೊರಟ ಮೇಲೆ, ಶಟರಿನ ಕೆಳಗಿನಿಂದ ಒಬ್ಬಳು ನುಸುಳಿ ಬರುತ್ತಾಳೆ. ಬ್ರೆಡ್ಡಿನ ಕಾರ್ಖಾನೆಯಲ್ಲಿ ರಾತ್ರಿಪಾಳಿ ಮುಗಿಸಿದವಳು; ಹುಬ್ಬಿನ ಮೇಲೆ ಇನ್ನೂ ಹಿಟ್ಟು. ಟವೆಲ್ಲಿನಲ್ಲಿ ಸುತ್ತಿಕೊಂಡು ಬಂದಿರುವುದು ಲೆನ್ಸಿಲ್ಲದ ಡಿಜಿಟಲ್ ಕ್ಯಾಮೆರಾ. ಅವಳಣ್ಣ ಹೊಸದು ಕೊಂಡಾಗ ಹಳೆಯದನ್ನು ತಂಗಿಗೆ ದಾಟಿಸಿದ್ದಾನೆ, ಲೆನ್ಸ್ ಮಾತ್ರ ತನಗೇ ಇಟ್ಟುಕೊಂಡಿದ್ದಾನೆ. ಕಾರ್ಖಾನೆಯ ಗೆಳತಿಯರು ಇವಳಿಗೆ ಹೇಳಿಕೊಟ್ಟಿರುವುದು ಒಂದೇ ಮಾತು: ಉದ್ದನೆಯದು ತಗೋ, ದೂರದ್ದೆಲ್ಲ ಹತ್ತಿರ ಬರುತ್ತೆ. ತಮ್ಮ ಆಗಲೇ ಕಪಾಟಿನಿಂದ ಮೊಳಕೈಯಷ್ಟುದ್ದದ ಜೂಮ್ ಲೆನ್ಸ್ ಇಳಿಸುತ್ತಿದ್ದಾನೆ.

“ಯಾರ ಫೋಟೊ ತೆಗೀಬೇಕು?” ಎಂದು ಅಕ್ಕ ಕೇಳುತ್ತಾಳೆ.

“ಅಮ್ಮನ್ದು.”

“ಅಮ್ಮ ಅಷ್ಟು ದೂರ ಇದ್ದಾಳಾ?”

ಅಮ್ಮ ಇರುವುದು ಒಂದೇ ಕೋಣೆಯ ಮನೆಯಲ್ಲಿ, ಕಿಟಕಿಯ ಪಕ್ಕ, ಹೊಲಿಗೆ ಯಂತ್ರದ ಮುಂದೆ. ಕ್ಯಾಮೆರಾ ಕಂಡರೆ ಮುಖ ತಿರುಗಿಸುವ ಹೆಂಗಸು. ಅವಳ ಒಂದೇ ಒಂದು ಒಳ್ಳೆಯ ಚಿತ್ರವೂ ಮನೆಯಲ್ಲಿಲ್ಲ. ಇದಿಷ್ಟನ್ನೂ ಅಕ್ಕ ಒಂದೊಂದೇ ಪ್ರಶ್ನೆ ಕೇಳಿ ಹೊರತೆಗೆಯುತ್ತಾಳೆ, ಕಳ್ಳತನದ ವಿಚಾರಣೆಯ ಹಾಗೆ. ಕಿಟಕಿ ಯಾವ ಕಡೆ, ದೀಪ ಎಲ್ಲಿ, ಮಂಚ ಎಲ್ಲಿ. ಆಮೇಲೆ ಹುಡುಗಿಯನ್ನು ಎಬ್ಬಿಸಿ, ಸ್ಟೂಲನ್ನು ಹೊಲಿಗೆ ಯಂತ್ರ ಎಂದುಕೋ, ಮನೆಯಲ್ಲಿ ಬೆನ್ನು ಗೋಡೆಗೆ ತಾಗುವವರೆಗೆ ಎಷ್ಟು ಹಿಂದೆ ಹೋಗಬಹುದೋ ಅಷ್ಟೇ ಹೋಗು ಎನ್ನುತ್ತಾಳೆ. ಅಕ್ಕ ಆಗಲೇ ‘ಬ್ರೆಡ್ಡಿನ ತಂಗಿ’ ಎಂದು ಹೆಸರಿಟ್ಟಿರುವ ಹುಡುಗಿ ನಾಲ್ಕು ಹೆಜ್ಜೆಯಿಟ್ಟು ನಿಲ್ಲುತ್ತಾಳೆ.

ಅಕ್ಕ ತಮ್ಮನ ಕೈಯ ಉದ್ದನೆಯ ಲೆನ್ಸಿನ ಕಡೆ ಗಲ್ಲ ಎತ್ತುತ್ತಾಳೆ. “ಇದನ್ನ ಹಿಡ್ಕೊಂಡು ಅಲ್ಲಿ ನಿಂತ್ರೆ ಅಮ್ಮನ ಮೂಗುತಿ ಮಾತ್ರ ಬರುತ್ತೆ. ದೊಡ್ಡದು ಕೇಳೋರು ತುಂಬಾ ಜನ ಕತ್ತಿಗೆ ನೇತು ಹಾಕ್ಕೊಳ್ಳೋಕೆ ಕೇಳ್ತಾರಮ್ಮ, ಕಣ್ಣಿಗೆ ಹಿಡಿಯೋಕಲ್ಲ.”

ತಮ್ಮ ಲೆನ್ಸನ್ನು ಸದ್ದಾಗುವಂತೆ ಕಪಾಟಿಗೆ ಇಡುತ್ತಾನೆ.

ಮೊದಲ ಸಲ ಬಂದವರಿಗೆ ಅಕ್ಕ ಅವತ್ತೇ ಏನನ್ನೂ ಕೊಡುವುದಿಲ್ಲ. ಜನ ತಮಗೆ ಬೇಕಾದದ್ದನ್ನು ಕೇಳುವುದಿಲ್ಲ, ಬೇರೆಯವರ ಹತ್ತಿರ ನೋಡಿದ್ದನ್ನು ಕೇಳುತ್ತಾರೆ ಎಂಬುದು ಅವಳ ಎಣಿಕೆ. ಅದಕ್ಕೊಂದು ಉಪಾಯ ಮಾಡಿಕೊಂಡಿದ್ದಾಳೆ. ಅವಳ ಬಳಿ ಪೆಟ್ಟು ತಿಂದು ಬಣ್ಣ ಹೋದ ಪುಟ್ಟ ಜೂಮ್ ಲೆನ್ಸುಗಳಿವೆ. ಉಂಗುರವನ್ನು ಒಂದು ಅಂಕಿಯ ಮೇಲೆ ನಿಲ್ಲಿಸಿ, ತಿರುಗದ ಹಾಗೆ ಟೇಪು ಸುತ್ತಿ ಒಂದು ವಾರಕ್ಕೆ ಕೊಟ್ಟು ಕಳಿಸುತ್ತಾಳೆ. ಹತ್ತಿರ ದೂರ ಮಾಡುವಂತಿಲ್ಲ. ಬೇಕಾದರೆ ಕಾಲಿಂದಲೇ ಮುಂದೆ ಹಿಂದೆ ಹೋಗಬೇಕು. ಎಲ್ಲಿ ಸಿಕ್ಕಿಹಾಕಿಕೊಂಡೆ ಎಂದು ವಾಪಸ್ ಬಂದು ಹೇಳಿದರೆ ಯಾವ ಲೆನ್ಸ್ ಎಂಬುದು ತಾನಾಗಿ ಗೊತ್ತಾಗುತ್ತದೆ. ಟೇಪಿನ ಮೇಲಿಂದ ಉಂಗುರದವರೆಗೆ ಪೆನ್ನಿನಲ್ಲಿ ಒಂದು ಗೆರೆ ಎಳೆದಿರುತ್ತಾಳೆ. ಕಿತ್ತು ಮತ್ತೆ ಅಂಟಿಸಿದರೆ ಗೆರೆ ಕೂಡುವುದಿಲ್ಲ.

ಇನ್ನು ಲೆನ್ಸ್ ಒಯ್ದವರು ಕೈಕೊಟ್ಟರೆ? ಅದಕ್ಕೇ ಗೋಡೆಯ ಮೇಲಿನ ಚಾರ್ಜರ್‌ಗಳು. ಲೆನ್ಸ್ ಬೇಕಾದವರು ಚಾರ್ಜರ್ ಒತ್ತೆ ಇಡಬೇಕು. ಬ್ಯಾಟರಿ ಮುಗಿದ ಕ್ಯಾಮೆರಾ ಎಷ್ಟು ದಿನ ತಾನೇ ಓಡಿಹೋಗಲು ಸಾಧ್ಯ? ಇಲ್ಲಿಯವರೆಗೆ ಎಲ್ಲರೂ ತಿರುಗಿ ಬಂದಿದ್ದಾರೆ. ಜನ ಒಳ್ಳೆಯವರಿರಬೇಕಲ್ಲ ಎಂದು ಕೇಳಿದರೆ ಅಕ್ಕ ಒಪ್ಪುವುದಿಲ್ಲ. ಚಾರ್ಜರ್ ಒಳ್ಳೆಯದು ಎನ್ನುತ್ತಾಳೆ.

ಬ್ರೆಡ್ಡಿನ ತಂಗಿಯ ಚಾರ್ಜರ್ ಮೊಳೆಗೇರುತ್ತದೆ. ‘ಐವತ್ತು’ ಎಂಬ ಅಂಕಿಗೆ ಟೇಪು ಹಾಕಿದ ಲೆನ್ಸು ಕ್ಯಾಮೆರಾಕ್ಕೆ ಕೂರುತ್ತದೆ. ಅಂಕಿ ಚಿಕ್ಕದಾದಷ್ಟೂ ಹೆಚ್ಚು ಜಾಗ ಚಿತ್ರದೊಳಗೆ ಬರುತ್ತದೆ, ದೊಡ್ಡದಾದಷ್ಟೂ ಕಡಿಮೆ, ಸದ್ಯಕ್ಕೆ ಇಷ್ಟು ಸಾಕು ಎಂದು ಅಕ್ಕ ವಿವರಿಸುತ್ತಾಳೆ. ಹೊರಡುವ ಮುನ್ನ ಹಿಡಿಯುವ ಕ್ರಮ ಹೇಳಿಕೊಡುತ್ತಾಳೆ: ಮೊಣಕೈ ಮೈಗೆ, ಎಡಗೈ ಲೆನ್ಸಿನ ಕೆಳಗೆ, ಬಲಗಣ್ಣು ಕ್ಯಾಮೆರಾದ ಕಿಂಡಿಗೆ. ತಂಗಿ ಹೇಳಿದಂತೆಯೇ ಮಾಡುತ್ತಾಳೆ. ಹುಬ್ಬಿನ ಹಿಟ್ಟು ಒರೆಸಿಕೋ, ಹಿಟ್ಟು ಲೆನ್ಸಿನ ವೈರಿ ಎಂದು ಶಟರಿನವರೆಗೂ ಬೈಸಿಕೊಂಡು ಹೋಗುತ್ತಾಳೆ.

ಒಂದು ವಾರ ಕಳೆದು ನಾನು ಮತ್ತೆ ಬಂದಾಗ ತಿರಸ್ಕಾರದ ಟ್ರೇ ತುಂಬಿ, ಪಕ್ಕದಲ್ಲಿ ಇನ್ನೊಂದು ಟ್ರೇ ಬಂದಿದೆ. ಬಾಗಿಲ ಬಳಿ ಮೊಬೈಲ್ ಕವರಿನ ಎರಡು ರಟ್ಟಿನ ಪೆಟ್ಟಿಗೆಗಳು ಇಳಿದಿವೆ. ಅಕ್ಕ ಅವುಗಳನ್ನು ದಾಟಿ ಬಂದು ಕೂತಿದ್ದಾಳೆ, ಅವು ಅಲ್ಲಿ ಇಲ್ಲವೇ ಇಲ್ಲ ಎನ್ನುವ ಹಾಗೆ. ಚೀಲದಣ್ಣ ವಾಪಸಾದ ಲೆನ್ಸುಗಳನ್ನು ತುಂಬಿಕೊಂಡು ಹೋಗಲು ಖಾಲಿ ಚೀಲ ತಂದಿದ್ದಾನೆ. ಇವತ್ತು ಅವನ ಬಾಯಲ್ಲಿ ತಮಾಷೆಯಿಲ್ಲ. ನನ್ನ ಅನ್ನಕ್ಕೆ ಕಲ್ಲು ಹಾಕಿದೆ, ನಿನ್ನದಕ್ಕೂ ಹಾಕಿಕೊಂಡೆ ಎಂದಷ್ಟೇ ಹೇಳಿ ಗೋಡೆಗೆ ಒರಗಿದ್ದಾನೆ.

ಅಷ್ಟರಲ್ಲಿ ಬ್ರೆಡ್ಡಿನ ತಂಗಿ ಬರುತ್ತಾಳೆ. ಈ ಸಲ ಮುಖ ತೊಳೆದುಕೊಂಡು. ಎಲ್ಲಿ ಸಿಕ್ಕಿಹಾಕಿಕೊಂಡೆ ಎಂಬ ಪ್ರಶ್ನೆಗೆ ಅವಳ ಉತ್ತರ ಸಿದ್ಧವಿದೆ.

“ಅಮ್ಮನ ಮುಖ ಬರುತ್ತೆ ಅಕ್ಕ, ಕೈ ಬರಲ್ಲ. ಹಿಂದೆ ಹೋಗೋಣ ಅಂದ್ರೆ ಗೋಡೆ. ಬಟ್ಟೆ ಮೇಲೆ ಕೈ ಇಲ್ದಿದ್ರೆ ಅದು ಅಮ್ಮ ಅನ್ನಿಸೋದೇ ಇಲ್ಲ.”

ಅಕ್ಕ ತಲೆಯಾಡಿಸುತ್ತಾಳೆ. ಹಾಗಾದರೆ ಮೂವತ್ತೈದು. ಜೂಮ್ ಇಲ್ಲದ, ಮುಷ್ಟಿಯಲ್ಲಿ ಮುಚ್ಚಿಹೋಗುವ ಪುಟ್ಟ ಲೆನ್ಸು. ಬೆಳಕಿಗೆ ಬಾಯಿ ದೊಡ್ಡದಾಗಿ ತೆರೆಯುತ್ತದೆ, ಕಿಟಕಿಯ ಬೆಳಕೇ ಸಾಕು, ಮುಖಕ್ಕೆ ಫ್ಲ್ಯಾಶ್ ಹೊಡೆದು ಅಮ್ಮನನ್ನು ಬೆಚ್ಚಿಬೀಳಿಸಬೇಕಿಲ್ಲ. ಇಷ್ಟು ಹೇಳಿ ಟೇಪಿನ ಮೇಲಿನ ಗೆರೆ ಕೂಡುತ್ತದೆಯೇ ಎಂದು ನೋಡುತ್ತಾಳೆ. ಕೂಡುತ್ತದೆ. ಕ್ಯಾಮೆರಾವನ್ನು ತಿರುಗಿಸಿ ಹಿಂಬದಿಯ ಪರದೆ ನೋಡುತ್ತಾಳೆ. ಅಲ್ಲಿ ಅವಳ ಹುಬ್ಬು ಗಂಟಿಕ್ಕುತ್ತದೆ.

“ಈ ಕ್ಯಾಮೆರಾನ ಯಾರ ಕೈಗೆ ಕೊಟ್ಟಿದ್ದೆ?”

ಯಾರಿಗೂ ಇಲ್ಲ ಎನ್ನುತ್ತಾಳೆ ತಂಗಿ. ಅಕ್ಕ ಪರದೆಯ ಮೇಲೊಂದು ಕಲೆ ತೋರಿಸುತ್ತಾಳೆ. ಮೂಗಿನ ಗುರುತು. ಬಲಗಣ್ಣಲ್ಲಿ ನೋಡುವವರ ಮೂಗು ಪರದೆಯ ಎಡಗಡೆಗೆ ತಾಗುತ್ತದೆ. ಈ ಗುರುತು ಬಲಗಡೆ, ಹೆಬ್ಬೆರಳು ಕೂರುವ ಕಡೆ ಇದೆ. ನೀನು ಇಲ್ಲಿ ನನ್ನ ಮುಂದೆಯೇ ಬಲಗಣ್ಣಲ್ಲಿ ನೋಡಿದೆ, ಹಾಗಾದರೆ ಈ ಮೂಗು ಯಾರದು ಎಂಬುದು ಅಕ್ಕನ ಪ್ರಶ್ನೆ. ಚೀಲದಣ್ಣ ಮೇಲೆ ನೋಡುತ್ತಾನೆ, ದೇವರೇ ಎನ್ನುವಂತೆ.

“ಇಲ್ಲಿ ನೀವು ಹೇಳಿದ್ರಿ ಅಂತ ಹಾಗೆ ನೋಡ್ದೆ,” ತಂಗಿಯ ದನಿ ಸಣ್ಣದಾಗುತ್ತದೆ. “ಮನೇಲಿ ಎಡಗಣ್ಣೇ. ನಂಗೆ ಬಲಗಣ್ಣೊಂದನ್ನೇ ಮುಚ್ಚೋಕೆ ಬರೋದು.”

ಮುಚ್ಚಿ ತೋರಿಸುತ್ತಾಳೆ. ಎಡಗಣ್ಣು ಮುಚ್ಚಲು ಹೋದರೆ ಎರಡೂ ಮುಚ್ಚಿಕೊಳ್ಳುತ್ತವೆ, ಬಾಯಿ ಬೇರೆ ಸೊಟ್ಟಗಾಗುತ್ತದೆ. ತಮ್ಮ ನಗುತ್ತಾನೆ. ಅಕ್ಕ ನಗುವುದಿಲ್ಲ, ಆದರೆ ಕ್ಯಾಮೆರಾವನ್ನು ಕೆಳಗಿಡುತ್ತಾಳೆ.

ಈಗ ಲೆನ್ಸಿನ ಮಾತು. ಅಂಗಡಿಯಲ್ಲಿ ಮೂವತ್ತೈದು ಇರುವುದು ಒಂದೇ, ಅದು ಕೂತಿರುವುದು ತಿರಸ್ಕಾರದ ಟ್ರೇಯಲ್ಲಿ. ತಮ್ಮ ಅದನ್ನೇ ಎತ್ತಿ ಕೊಟ್ಟುಬಿಡು ಎನ್ನುತ್ತಾನೆ, ಈ ಹುಡುಗಿಗೆ ಇಷ್ಟವಾದರೆ ನಿನ್ನದೇನು ತಕರಾರು. ಅಕ್ಕ ಮತ್ತೊಮ್ಮೆ ಬಲಗಣ್ಣಿಗೆ ಹಿಡಿದು ಟಾರ್ಚ್ ಬಿಡುತ್ತಾಳೆ. ಮಂಜು ಇದ್ದಲ್ಲೇ ಇದೆ. ಅಂಗಡಿ ನಿನ್ನದು, ನೀನು ಕೊಡು, ಸರಿ ಇದೆ ಅಂತ ಮಾತ್ರ ನನ್ನ ಬಾಯಿಂದ ಬರುವುದಿಲ್ಲ ಎನ್ನುತ್ತಾಳೆ. ಅವನು ಹೋಗಿ ಮೊದಲ ರಟ್ಟಿನ ಪೆಟ್ಟಿಗೆಯ ಟೇಪು ಕೀಳತೊಡಗುತ್ತಾನೆ. ಆ ಪರಪರ ಸದ್ದು ಕೋಣೆಯನ್ನೆಲ್ಲ ತುಂಬುತ್ತದೆ.

“ನಾನೊಂದ್ಸಲ ನೋಡ್ಲಾ?” ಎಂದು ಬ್ರೆಡ್ಡಿನ ತಂಗಿ ಕೈಚಾಚುತ್ತಾಳೆ. ಲೆನ್ಸನ್ನು ತನ್ನ ಎಡಗಣ್ಣಿಗೆ ಹಿಡಿದು, ಅಕ್ಕನಂತೆಯೇ ಬೆಳಕು ಬಿಟ್ಟು ತುಂಬ ಹೊತ್ತು ನೋಡುತ್ತಾಳೆ. ಎಲ್ಲೂ ಮಂಜಿಲ್ಲವಲ್ಲ ಎನ್ನುತ್ತಾಳೆ.

ಅಕ್ಕ ಅದನ್ನು ಅವಳ ಕೈಯಿಂದ ಕಿತ್ತುಕೊಳ್ಳುತ್ತಾಳೆ. ಮೊದಲ ಸಲ ನೋಡುವವರಿಗೆ ಏನು ಗೊತ್ತಾಗುತ್ತದೆ, ಅದರಲ್ಲೂ ಎಡಗಣ್ಣಲ್ಲಿ. “ಎಡಗಣ್ಣು ಅದೇನು ಸುಳ್ಳು ಹೇಳುತ್ತೋ ನೋಡೇಬಿಡೋಣ,” ಎಂದು ಟಾರ್ಚನ್ನು ಬಲಗೈಗೆ, ಲೆನ್ಸನ್ನು ಎಡಗೈಗೆ ಬದಲಾಯಿಸಿಕೊಳ್ಳುತ್ತಾಳೆ. ಕೈ ಬದಲಾಗಿ ಎರಡೂ ತಡವರಿಸುತ್ತವೆ. ಬಲಗಣ್ಣು ಮುಚ್ಚಿ ಎಡಗಣ್ಣಿಗೆ ಹಿಡಿಯುತ್ತಾಳೆ.

ಹಿಡಿದವಳು ಹಾಗೇ ನಿಲ್ಲುತ್ತಾಳೆ.

ಮತ್ತೆ ಬಲಗಣ್ಣು. ಮತ್ತೆ ಎಡಗಣ್ಣು. ಲೆನ್ಸನ್ನು ಮೇಜಿನ ಮೇಲಿಟ್ಟು, ಬರಿಗಣ್ಣಲ್ಲಿ ಕಿಟಕಿಯ ಕಡೆ ನೋಡುತ್ತಾಳೆ. ಬೆಳಗಾಗಿದೆ, ಹೊರಗೆ ಶುಭ್ರ ಆಕಾಶ. ಅಂಗೈಯಿಂದ ಎಡಗಣ್ಣನ್ನು ಮುಚ್ಚಿಕೊಳ್ಳುತ್ತಾಳೆ.

“ತಮ್ಮಾ, ಆ ಕಿಟಕಿಗೂ ಮಂಜು ಹಿಡಿದಿದೆಯಲ್ಲೋ.”

ಟೇಪು ಕೀಳುವ ಸದ್ದು ನಿಲ್ಲುತ್ತದೆ. ತಮ್ಮ ಬಂದು ಅವಳೆದುರು ನಿಲ್ಲುತ್ತಾನೆ. ತನ್ನ ಮುಖ ಹೇಗೆ ಕಾಣುತ್ತದೆ ಎಂದು ಕೇಳುತ್ತಾನೆ. ನಿನ್ನ ಮುಖಕ್ಕೂ ಹಿಡಿದಿದೆ ಎನ್ನುತ್ತಾಳೆ. ಎರಡೂ ಕಣ್ಣು ತೆರೆದಿರುವಾಗ ಎಡಗಣ್ಣು ಎಲ್ಲವನ್ನೂ ಸರಿದೂಗಿಸಿಕೊಂಡು ಹೋಗಿದೆ. ಬಲಗಣ್ಣನ್ನು ಒಂಟಿಯಾಗಿ ಬಿಡುತ್ತಿದ್ದದ್ದು ಈ ಸ್ಟೂಲಿನ ಮೇಲೆ ಮಾತ್ರ. ಇಲ್ಲಿ ಅವಳು ಕಂಡ ಮಂಜೆಲ್ಲ ಲೆನ್ಸಿನದಾಗಿತ್ತು, ಚೀಲದಣ್ಣನದಾಗಿತ್ತು, ಅವನ ಇಲ್ಲದ ನೆಲಮಾಳಿಗೆಯದಾಗಿತ್ತು.

ಅಕ್ಕ ಸ್ಟೂಲಿನ ಮೇಲೆ ಕೂರುತ್ತಾಳೆ. ಮಡಿಲಲ್ಲಿ ಕೈ. ಚೀಲದಣ್ಣ ಖಾಲಿ ಚೀಲವನ್ನು ಮಡಿಸುತ್ತಾನೆ, ಬಿಡಿಸುತ್ತಾನೆ.

“ಲೋಕಾನೆಲ್ಲ ಅನುಮಾನಿಸ್ದೆ,” ಎನ್ನುತ್ತಾಳೆ. ಬೆರಳು ಬಲಗಣ್ಣಿನ ಕೆಳಗೆ ತಾಗುತ್ತದೆ. “ನಂಬಿದ್ದು ಇದೊಂದನ್ನೇ.”

ಯಾರೂ ಸಮಾಧಾನ ಹೇಳಲು ಹೋಗುವುದಿಲ್ಲ. ಹೇಳಿದರೂ ಅವಳು ನಂಬುವವಳಲ್ಲ. ಸ್ವಲ್ಪ ಹೊತ್ತಿಗೆ ತಾನೇ ಎದ್ದು ತಿರಸ್ಕಾರದ ಟ್ರೇಗಳನ್ನು ಮುಂದಕ್ಕೆಳೆದುಕೊಳ್ಳುತ್ತಾಳೆ. ಎಡಗಣ್ಣಿಗೆ ಅಭ್ಯಾಸವಿಲ್ಲ, ಕತ್ತು ಉಲ್ಟಾ ಬಾಗಬೇಕು, ಟಾರ್ಚ್ ಎರಡು ಸಲ ಮೇಜಿಗೆ ಬಡಿಯುತ್ತದೆ. ಆದರೂ ಒಂದನ್ನೂ ಬಿಡುವುದಿಲ್ಲ. ಮೂವತ್ತೈದನ್ನು ಮೂರು ಸಲ ನೋಡಿ, ಬ್ರೆಡ್ಡಿನ ತಂಗಿಯ ಕೈಗಿಟ್ಟು “ಸರಿ ಇದೆ” ಎನ್ನುತ್ತಾಳೆ. ತಂಗಿ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಳ್ಳುತ್ತಾಳೆ. ಲೆನ್ಸುಗಳು ಒಂದೊಂದೇ ಟ್ರೇಯಿಂದ ಕಪಾಟಿನ ಕಡೆ ಸಾಗುತ್ತವೆ. ಚೀಲದಣ್ಣನ ಮುಖ ಅರಳುತ್ತ ಹೋಗುತ್ತದೆ. ಆಗ ಅಕ್ಕ ಒಂದು ಲೆನ್ಸನ್ನು ಅವನ ಮೂಗಿನ ಕೆಳಗೆ ಹಿಡಿದು, ಇದರಲ್ಲಿ ನಿಜವಾಗಿಯೂ ಬೂಷ್ಟಿದೆ ಎಂದು ತೋರಿಸುತ್ತಾಳೆ. ಎಡಗಣ್ಣು ನಿನ್ನ ಕಡೆಯದು ಅಂದುಕೊಂಡೆಯಾ ಎಂದು ಕೇಳುತ್ತಾಳೆ. ಅವನು ಅದನ್ನು ಚೀಲಕ್ಕೆ ಹಾಕಿಕೊಳ್ಳುತ್ತಾನೆ. ಅವಳ ದನಿ ಮೊದಲಿನ ಹಾಗಾದದ್ದು ಅಲ್ಲಿಂದಲೇ.

ಕವರಿನ ಪೆಟ್ಟಿಗೆಗಳನ್ನು ತಮ್ಮ ಕಾಲಿನಿಂದಲೇ ಹೊರಗೆ ತಳ್ಳುತ್ತಾನೆ. ಇವತ್ತೇ ಕಣ್ಣಿನ ಡಾಕ್ಟರ ಹತ್ತಿರ ಹೋಗೋಣ ಎನ್ನುತ್ತಾನೆ. ಪೊರೆ ಬಂದಿದ್ದರೆ ತೆಗೆದು ಒಳಗೊಂದು ಹೊಸ ಲೆನ್ಸ್ ಇಡುತ್ತಾರೆ, ಅರ್ಧ ಗಂಟೆಯ ಕೆಲಸವಂತೆ. ಅಕ್ಕ ಈ ಟ್ರೇ ಮುಗಿಯಲಿ ಎನ್ನುತ್ತಾಳೆ. ಆಮೇಲೆ ನಾಳೆ ಎನ್ನುತ್ತಾಳೆ. ಡಾಕ್ಟರು ಯಾರು, ಅವನಿಗೆ ಈ ಲೆನ್ಸ್ ತಂದುಕೊಡುವವನು ಯಾರು, ಅವನಿಗೂ ಒಬ್ಬ ಚೀಲದಣ್ಣ ಇರಬೇಕಲ್ಲ ಎನ್ನುತ್ತಾಳೆ.

ನಾನು ಹೊರಡುವ ಮೊದಲು, ನಿಮಗೇನಾದರೂ ಆಸೆ ಇದೆಯೇ ಎಂದು ಕೇಳುತ್ತೇನೆ. ಅವಳು ಈ ಪ್ರಶ್ನೆಯನ್ನೂ ಒಂದು ಕ್ಷಣ ಬೆಳಕಿಗೆ ಹಿಡಿದು ನೋಡುತ್ತಾಳೆ.

“ಹಾಕಿಸ್ಕೊಳ್ತೀನಿ. ಆದ್ರೆ ಕಣ್ಣಿಗೆ ಹಾಕೋ ಮುಂಚೆ ಅದನ್ನ ಒಂದ್ಸಲ ನನ್ನ ಕೈಗೆ ಕೊಡಬೇಕು. ಟಾರ್ಚ್ ಬಿಟ್ಟು ನೋಡ್ಬೇಕು. ಮೊದಲ್ನೇ ಸಲ ನಂಗೇ ಅಂತ ಒಂದು ಲೆನ್ಸ್ ಆರಿಸ್ತಿರೋದು.”

“ಮುಟ್ಟೋಕೂ ಬಿಡಲ್ಲ ಅವರು,” ಎನ್ನುತ್ತಾನೆ ತಮ್ಮ.

“ಯಾಕೆ ಬಿಡಲ್ಲ? ಏನು ಮುಚ್ಚಿಡ್ತಿದಾರೆ?”

ಬ್ರೆಡ್ಡಿನ ತಂಗಿ ಮೊಳೆಯಿಂದ ತನ್ನ ಚಾರ್ಜರ್ ಬಿಡಿಸಿಕೊಂಡು ಹೊರಡುತ್ತಾಳೆ. ಅಕ್ಕ ಉಳಿದ ಲೆನ್ಸುಗಳ ಕಡೆ ತಿರುಗಿ, ಟಾರ್ಚಿಗೆಂದು ನೋಡದೆಯೇ ಕೊನೆಯ ಮೊಳೆಗೆ ಕೈ ಚಾಚುತ್ತಾಳೆ. ಮೊಳೆ ಖಾಲಿಯಿದೆ. ತಮ್ಮ ಮುಂಭಾಗದಲ್ಲಿ ಶಟರ್ ಇಳಿಸಲು ಬಗ್ಗಿದ್ದಾನೆ, ಕೈಯಲ್ಲಿ ಬೈಕಿನ ಕೀಲಿ, ಡಾಕ್ಟರ ಹತ್ತಿರ ಇವತ್ತೇ ಎನ್ನುವ ಹಾಗೆ. ಆರಿಸಲು ಮರೆತ ಟಾರ್ಚ್ ಅವನ ಅಂಗಿಯ ಜೇಬಿನೊಳಗೆ ಉರಿಯುತ್ತಲೇ ಇದೆ, ಜೇಬು ದೀಪಕ್ಕೆ ಹಿಡಿದ ಮೊಟ್ಟೆಯ ಹಾಗೆ.